ಅಮಾವಾಸ್ಯೆಯ ಇಳಿತ

ಅಂಗಾರನ ಅಪ್ಪ, ಅಜ್ಜ ಎಲ್ಲ ಬೋಳೂರಿನ ದಡದಿಂದ ಕಡಲಿಗೆ ಹೋದವರು. ಅಂಗಾರ ಮಾತ್ರ ಕಾಡಿಗೆ ಹೋದ. ಅಲೆಯ ಮೇಲೆ ಅವನಿಗೆ ಹೊಟ್ಟೆ ತೊಳಸುತ್ತಿತ್ತು. ಹನ್ನೆರಡಕ್ಕೆ ಕೊಡಲಿ ಹಿಡಿದವನು ನಲವತ್ತಾದರೂ ಆಳು ಇಟ್ಟುಕೊಳ್ಳದೆ ಒಬ್ಬನೇ ಮರ ಉರುಳಿಸಿ, ಒಬ್ಬನೇ ಎಳೆದು ತರುತ್ತಿದ್ದ. ಕೊಡಲಿ, ನಾಲ್ಕು ಕಬ್ಬಿಣದ ಬೆಣೆ, ಒಂದು ಹಾರೆ, ಒಂದು ಸರಪಳಿ, ಒಂದು ಜೊತೆ ಕೋಣ. ಅವನ ಸಂಸಾರವೆಂದರೆ ಅಷ್ಟೇ.

ಊರಿಗೆ ಲಾರಿಗಳು ಬಂದ ಮೇಲೆ ಕೋಣಗಳು ಬೆದರತೊಡಗಿದವು. ಹಾರ್ನ್ ಕೇಳಿದರೆ ಮರದ ಸಮೇತ ಗದ್ದೆಗೆ ಇಳಿಯುತ್ತಿದ್ದವು. ಅಂಗಾರ ಅವನ್ನು ಕಾವೂರಿನ ಗುಣಪಾಲನಿಗೆ ಮಾರಿ ಒಂದು ಪುಟ್ಟ ದೋಣಿ ಕೊಂಡ. ಇನ್ನು ಮರವೆಲ್ಲ ಗುರುಪುರ ಹೊಳೆಯಲ್ಲಿ ತೇಲಿ ಬರಲಿ ಎಂದ.

"ಕೋಣಕ್ಕಾದರೆ ಹುಲ್ಲು ಹಾಕಬೇಕು. ಹೊಳೆಗೆ ಎಂತ ಹಾಕಬೇಕು ಮಾರಾಯ?" ಎಂದು ನಕ್ಕ. ಎರಡು ವರ್ಷ ಹೊಳೆ ಅವನ ಮಾತು ಕೇಳಿತು.

ಮೂವತ್ತಾರನೆಯ ಇಸವಿಯ ಬೇಸಗೆಯಲ್ಲಿ ಅವನ ಅಕ್ಕ ಅಕ್ಕು ಕರೆ ಕಳಿಸಿದಳು. ಅವಳ ಗಂಡ ಬೋಜನ ದೋಣಿ ಮುದಿಯಾಗಿತ್ತು. ಬಲೆ ಎಳೆಯುವುದಕ್ಕಿಂತ ನೀರು ಮೊಗೆಯುವುದೇ ಹೆಚ್ಚು. ಮರವೂರಿನ ಹೊಳೆಬದಿಯಲ್ಲಿ ತಾಯಿ ಅವಳಿಗೆ ಬಿಟ್ಟುಹೋದ ಮಾವಿನ ಮರವೊಂದಿತ್ತು. ಅದರ ಕಾಂಡವನ್ನು ಇಡಿಯಾಗಿ ಕೊರೆದರೆ ಒಂದು ಕಡಲ ದೋಣಿ. ತುಂಡಾದರೆ ಬರೀ ಸೌದೆ. ಅಂಥ ಮರ ಅವರಿಗೆ ಇನ್ನೊಂದಿರಲಿಲ್ಲ.

ಹುಳ ಹಿಡಿಯಬಾರದೆಂದು ಅಂಗಾರ ವಾಡಿಕೆಯಂತೆ ಅಮಾವಾಸ್ಯೆಯ ಹತ್ತಿರ ಮರ ಕಡಿದ. ನೋಡಲು ಬಂದ ಗುಣಪಾಲ ಕಾಂಡವನ್ನು ತಟ್ಟಿ ಹೇಳಿದ:

"ನಿನ್ನ ಕೋಣಗಳನ್ನೇ ಕೊಡ್ತೇನೆ ಅಂಗಾರ. ಎರಡು ದಿನದ ಕೆಲಸ. ನಿನ್ನ ಸ್ವರ ಕೇಳಿದರೆ ಈಗಲೂ ಕಿವಿ ನಿಮಿರಿಸ್ತವೆ."

ತಾನು ಮಾರಿದ ಕೋಣಗಳ ಹಿಂದೆ ಎರವಲಿನವನಾಗಿ ನಡೆಯುವುದು ಅಂಗಾರನಿಗೆ ಆಗದು. "ಬೇಡ ಗುಣಪಾಲಣ್ಣ. ನನಗೆ ಹೊಳೆ ಉಂಟು," ಎಂದ.

ಬೋಜ ತಡೆದ. "ಕಡಿಯುವುದು ಅಮಾವಾಸ್ಯೆಗೆ ಸರಿ. ನೀರಿಗಿಳಿಸುವುದು ಬೇಡ. ಈಗ ಕಡಲಿನ ಇಳಿತದ ಸೆಳೆತ ಜೋರುಂಟು. ನಾಲ್ಕು ದಿನ ಬಿಡು."

"ನಾಲ್ಕು ದಿನ ಬಿಸಿಲಿಗೆ ಬಿದ್ದರೆ ಬಿರಿಯುತ್ತದೆ ಬಾವ. ಮರದ ವಿಷಯ ನನಗೆ ಬಿಡಿ. ನೀವು ಬೋಳೂರಿನಲ್ಲಿ ಹಗ್ಗ ಹಿಡಿದು ನಿಲ್ಲಿ, ಸಾಕು."

ಅವನು ಹೇಳಿದ್ದು ಸುಳ್ಳಲ್ಲ. ಆದರೆ ಸೊಪ್ಪು ಮುಚ್ಚಿ, ನೀರು ಚಿಮುಕಿಸಿ ನಾಲ್ಕು ದಿನ ಕಾಯಬಹುದಿತ್ತು. ಅಮಾವಾಸ್ಯೆಯನ್ನು ಅವನು ಮರದ ಲೆಕ್ಕದಲ್ಲಿ ಮಾತ್ರ ಕಲಿತಿದ್ದ. ನೀರಿನ ಲೆಕ್ಕ ಅಪ್ಪನೊಂದಿಗೇ ಹೋಗಿತ್ತು.

ಮರುದಿನ ಕಾಂಡದ ಎರಡೂ ಬದಿಗೆ ಬಿದಿರು ಕಟ್ಟಿ, ತನ್ನ ದೋಣಿಯ ಹಿಂದೆ ಬಿಗಿದು ಇಳಿತಕ್ಕೆ ಹೊರಟ. ಕೂಳೂರು ದಾಟುವವರೆಗೆ ಹಾಡುತ್ತಿದ್ದನಂತೆ. ಆಮೇಲೆ ದೋಣಿ ನೂಕುವ ಜಲ್ಲೆಗೆ ನೆಲ ಸಿಗಲಿಲ್ಲ. ಮರ ದೋಣಿಯನ್ನು ಹಿಂದಿಕ್ಕಿ ಮುಂದೆ ಓಡಿತು, ದೋಣಿಯೇ ಅದರ ಬಾಲವಾಯಿತು. ಬೋಳೂರಿನ ದಡದಿಂದ ಬೋಜ ಎಸೆದ ಹಗ್ಗ ಎರಡು ಮಾರು ಈಚೆ ಬಿತ್ತು. ಎರಡನೆಯ ಸಲ ಎಸೆಯುವಷ್ಟರಲ್ಲಿ ಅಂಗಾರ ಮುಂದೆ ಸಾಗಿಯಾಗಿತ್ತು.

"ಬಿಡು! ಹಗ್ಗ ಕಡಿ!" ಬೋಜ ದಡದುದ್ದಕ್ಕೂ ಓಡುತ್ತ ಕೂಗಿದ. "ಮರ ಹೋದರೆ ಹೋಗಲಿ ಮಾರಾಯ!"

ಹೊಳೆ ಕಡಲು ಸೇರುವ ಅಳಿವೆಯ ಬಿಳಿ ನೊರೆ ಕಂಡಿತು. ದೋಣಿ ಒಂದು ಮಗ್ಗುಲಿಗೆ ವಾಲಿತು. ಅಂಗಾರ ಕೊಡಲಿ ಎತ್ತಿದ. ಒಂದೇ ಏಟು.

ಉಳ್ಳಾಲದ ಆಚೆಯವರೆಗೂ ಮೂರು ದಿನ ತೀರ ಹುಡುಕಿದರು. ಬಿದಿರಿನ ಒಂದು ಕಟ್ಟು ಸಿಕ್ಕಿತು.

ಮಳೆ ಮುಗಿದು ಉಳಿದ ದೋಣಿಗಳು ಕಡಲಿಗಿಳಿದಾಗ ಬೋಜ ಹಂಚಿನ ಕಾರ್ಖಾನೆಗೆ ಮಣ್ಣು ಹೊರಲು ಹೋದ. ಅವನ ಮನೆತನದಲ್ಲಿ ಕಡಲು ಬಿಟ್ಟವರಲ್ಲಿ ಅವನೇ ಮೊದಲು. ಅಂಗಾರನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತೆಂದು ಅವನಿಗೆ ಎಷ್ಟೋ ಸಲ ಅನಿಸಿತು.

ಒಂದು ಆದಿತ್ಯವಾರ ಅಕ್ಕು ಅವನನ್ನು ಊಟಕ್ಕೆ ಕರೆದಳು. ಬಂಗುಡೆ ಮೀನಿನ ಸಾರು ಬಡಿಸಿದಳು.

"ಒಳ್ಳೆ ಬಂಗುಡೆ," ಎಂದ ಅಂಗಾರ, ಏನಾದರೂ ಹೇಳಬೇಕೆಂದು. "ಯಾರ ಬಲೆಯದ್ದು ಅಕ್ಕ?"

"ಗೊತ್ತಿಲ್ಲ," ಎಂದಳು ಅಕ್ಕು. "ಪೇಟೆಯಿಂದ ಕೊಂಡು ತಂದದ್ದು."

ಬೋಜ ತಲೆ ಎತ್ತದೆ ಉಣ್ಣುತ್ತಿದ್ದ. ಅವನ ಉಗುರಿನ ಸಂದಿಯಲ್ಲಿ ಕೆಂಪು ಮಣ್ಣಿತ್ತು. ಅಂಗಾರ ಕೈಯಲ್ಲಿದ್ದ ತುತ್ತನ್ನು ಮತ್ತೆ ತಟ್ಟೆಗೆ ಇಳಿಸಿದ.

"ಉಣ್ಣು," ಎಂದಳು ಅಕ್ಕು, ಮೆಲ್ಲನೆ. "ತಣಿದು ಹೋಗ್ತದೆ."