ಲಗ್ನಪತ್ರಿಕೆಯಲ್ಲಿ ಹಳೆಯ ಹೆಸರು ಹುಡುಕುವ ಪುಷ್ಪಲತಾ

ಬೆಳಗಿನ ಐದೂವರೆ. ರಾಣೆಬೆನ್ನೂರಿನ ಬಸ್ ನಿಲ್ದಾಣದ ಹಿಂದಿನ ಓಣಿಗೆ ಕರೆಂಟು ಬಂದಿದೆ. ಪ್ರಭುಲಿಂಗಪ್ಪನವರ ಮುದ್ರಣಾಲಯದ ಬಾಗಿಲು ತೆರೆದು, ದೇವರಿಗೆ ಊದಿನಕಡ್ಡಿ ಹಚ್ಚಿ, ಪುಷ್ಪಲತಾ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಮದುವೆಯ ಹಂಗಾಮು. ಏಳಕ್ಕೆ ಕರೆಂಟು ಹೋಗುವುದರೊಳಗೆ ಮೂರು ಲಗ್ನಪತ್ರಿಕೆಗಳು ಅಚ್ಚಿಗೆ ಹೋಗಬೇಕು.

ಪತ್ರಿಕೆಯನ್ನು ಯಾರೂ ಹೊಸದಾಗಿ ಬರೆಸುವುದಿಲ್ಲ. ಮನೆಯಲ್ಲಿ ಹಿಂದೆ ನಡೆದ ಮದುವೆಯದನ್ನೇ ತಂದು, "ಇದರಾಗ ಹೆಸರು ಬದಲ್ ಮಾಡ್ರಿ" ಎನ್ನುತ್ತಾರೆ. ಅಪಾಯವಿರುವುದು ಅಲ್ಲೇ. ಕರ್ಜಗಿಯ ರೈತರ ಮಗಳಾದ ಪುಷ್ಪಲತಾ 2002ರಲ್ಲಿ ಬ್ಯಾಡಗಿಯ ಒಂದು ಅಂಗಡಿಯಲ್ಲಿ ಟೈಪು ಮಾಡುತ್ತಿದ್ದಾಗ, ಒಬ್ಬ ಹುಡುಗಿಯ ಪತ್ರಿಕೆಯಲ್ಲಿ ಅವಳ ಅಕ್ಕನ ಗಂಡನೇ ವರನಾಗಿ ಅಚ್ಚಾಗಿಬಿಟ್ಟ. "ಊರ ಮಂದಿ ಎಲ್ಲಾ ನಕ್ಕರು. ಆ ಹುಡುಗಿ ಮಾತ್ರ ನಗಲಿಲ್ಲರಿ."

ಆಮೇಲೆ ಅವರು ಹಾವೇರಿಗೆ ಓಡಾಡಿ, ಸಂಜೆ ತರಗತಿಯಲ್ಲಿ ವಿಷುವಲ್ ಬೇಸಿಕ್ ಕಲಿತರು. ಅದರಲ್ಲೊಂದು ಸಣ್ಣ ಆಜ್ಞೆಯಿದೆ. ಒಂದು ದೊಡ್ಡ ಬರಹ, ಒಂದು ಚಿಕ್ಕ ಬರಹ ಕೊಟ್ಟರೆ, ದೊಡ್ಡದರೊಳಗೆ ಚಿಕ್ಕದು ಎಷ್ಟನೆಯ ಅಕ್ಷರದಿಂದ ಆರಂಭವಾಗುತ್ತದೆಂದು ಹೇಳುತ್ತದೆ, ಇಲ್ಲದಿದ್ದರೆ ಸೊನ್ನೆ. ಅದನ್ನು ಹಿಡಿದು ಪುಷ್ಪಲತಾ ಪುಟ್ಟದೊಂದು ಪ್ರೋಗ್ರಾಮು ಮಾಡಿಕೊಂಡಿದ್ದಾರೆ. ಹೊಸ ಪತ್ರಿಕೆಯನ್ನು ಅದಕ್ಕೆ ಒಪ್ಪಿಸಿ ಹಳೆಯ ಹೆಸರು ಬರೆದರೆ, ಪರದೆಯ ಮೇಲೆ 'ಐತಿ' ಅಥವಾ 'ಇಲ್ಲ' ಎಂದು ಬರುತ್ತದೆ.

"ಲಿಂಗಪ್ಪ ಅಂತ ಕೇಳಿದ್ರ, ಪತ್ರಿಕಿ ಕೆಳಗ ಪ್ರೆಸ್ಸಿನ ಹೆಸರಿನಾಗ ಇರೂ ನಮ್ಮ ಪ್ರಭುಲಿಂಗಪ್ಪ ಅಣ್ಣಾರನ್ನೂ ಹಿಡಕೊಂಡು ಬರ್ತೈತಿ. ಅದಕ್ಕ ಅಕ್ಷರ ಗೊತ್ತು, ಮನಷ್ಯಾರು ಗೊತ್ತಿಲ್ಲ. ಐತಿ ಅಂದ್ರ ನಾ ಕುಂತು ಓದಬೇಕು."

"ನೀ ಓದೂದ್ರಾಗ ಕರೆಂಟ್ ಹೊಕ್ಕೈತಿ ತಾಯಿ," ಎನ್ನುತ್ತಾರೆ ಮಷಿನ್ನಿನ ಬಳಿಯಿಂದ ಪ್ರಭುಲಿಂಗಪ್ಪ.

"ಹೋಗಲಿ ಬಿಡ್ರಿ. ತಪ್ಪು ಅಚ್ಚಾತು ಅಂತ ಮದುವಿ ಎರಡು ಸಲ ಮಾಡಾಕ ಬರ್ತೈತೇನು?"

ಇಂದಿನ ಮೊದಲ ಪತ್ರಿಕೆ ಕುಪ್ಪೇಲೂರಿನ ದುರಗಪ್ಪನವರ ಕಿರಿಮಗಳು ದೀಪಿಕಾಳದು. ಹಿರಿಮಗಳ ಪತ್ರಿಕೆಯ ಮೇಲೆಯೇ ತಿದ್ದಿದ್ದು. ಈ ನಡುವೆ ದುರಗಪ್ಪನವರ ಹೆಂಡತಿ ಮುದುಕವ್ವ ತೀರಿಕೊಂಡಿದ್ದಾರೆ. ಪುಷ್ಪಲತಾ ಆ ಹೆಸರನ್ನು ಕೇಳುತ್ತಾರೆ. 'ಐತಿ.' ಸುಖಾಗಮನ ಬಯಸುವವರ ಸಾಲಿನಲ್ಲಿ ಮುದುಕವ್ವ ಹಾಗೆಯೇ ಉಳಿದಿದ್ದಾರೆ.

ಮೊದಲ ಬಸ್ಸಿಗೆ ಬಂದು ಬೆಂಚಿನ ಮೇಲೆ ಕುಳಿತಿದ್ದ ದುರಗಪ್ಪನವರನ್ನು ಕರೆದು ತೋರಿಸುತ್ತಾರೆ. ಅವರು ಆ ಹೆಸರಿನ ಮೇಲೆ ಬೆರಳಿಡುತ್ತಾರೆ.

"ಇರಲಿ ಬಿಡವ್ವಾ. ಬಂದವರನ್ನ ಬರ್ರಿ ಅನ್ನಾಕಿ ಆಕೀನ ಇದ್ಲು."

"ಖರೇರಿ ಕಾಕಾ. ಆದ್ರ ಇದನ್ನ ಓದಿ ಬಂದ ಮಂದಿ ಬಾಗಲದಾಗ ನಿಮ್ಮವ್ವ ಎಲ್ಲಿ ಅಂತ ಕೇಳಿದ್ರ, ದೀಪಿಕಾ ಏನಂತ ಹೇಳಬೇಕ್ರಿ?"

ಅಗಲಿದವರ ಹೆಸರನ್ನು ಎಲ್ಲಿ ಇಡಬೇಕೆಂಬ ಕಷ್ಟ, ಮನೆಯಲ್ಲಿ ಒಬ್ಬರು ಕಡಿಮೆಯಾದವರಿಗೇ ಗೊತ್ತು. ಪುಷ್ಪಲತಾ ಆ ಸಾಲಿನಿಂದ ಹೆಸರನ್ನು ಎತ್ತಿ, ಮೇಲೆ ದೇವರ ಹೆಸರಿನ ಕೆಳಗೆ ತಂದು, 'ಕೈಲಾಸವಾಸಿ ಮುದುಕವ್ವನವರ ಆಶೀರ್ವಾದಗಳೊಂದಿಗೆ' ಎಂದು ಬರೆಯುತ್ತಾರೆ.

"ಇಲ್ಲಿ ಇರಲೇನ್ರಿ?"

ದುರಗಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾರೆ. "ಹೂಂ. ಅಲ್ಲೇ ಇರಲಿ."

ರೂಢಿಯಂತೆ ಪುಷ್ಪಲತಾ ಮತ್ತೊಮ್ಮೆ ಪರೀಕ್ಷಿಸುತ್ತಾರೆ. ಪ್ರಭುಲಿಂಗಪ್ಪ ಬಗ್ಗಿ ಪರದೆ ನೋಡುತ್ತಾರೆ.

"ಇನ್ನೂ ಐತಿ ಅನ್ನಾಕತ್ತೈತಲ್ಲವ್ವಾ!"

"ಅದು ಇರಾಕ ಬೇಕ್ರಿ ಅಣ್ಣಾರ. ಹಾಕ್ರಿ ಮಷಿನ್ನಿಗೆ."