ಬ್ಯಾಂಕಿನ ಬಾಗಿಲಲ್ಲಿ ನಿಂತವರ ಮೊಮ್ಮಗಳು

ಅಕ್ಟೋಬರ್ ಬಂತೆಂದರೆ ಸ್ವೀಡನ್ನಿನ ನಮ್ಮ ಆಫೀಸಿನಲ್ಲಿ ಅರ್ಧ ಕುರ್ಚಿಗಳು ಖಾಲಿ. ಎಸ್ಕಿಲ್‌ಸ್ಟುನಾದ ಸುತ್ತಲ ಕಾಡುಗಳಿಗೆ, ಮೂಸ್ ಎಂಬ ಕುದುರೆಗಿಂತ ಎತ್ತರದ ಜಿಂಕೆಯ ಬೇಟೆಗೆ ಎಲ್ಲರೂ ರಜೆ ಹಾಕಿ ಹೋಗಿಬಿಡುತ್ತಾರೆ. ಮೊನ್ನೆ ಫಿಕಾ ಹೊತ್ತಿನಲ್ಲಿ, ಅಂದರೆ ಕಾಫಿ, ಬನ್ನು, ಹರಟೆ ಮೂರೂ ಕೂಡುವ ಆ ಕಾಲು ಗಂಟೆಯಲ್ಲಿ, ಬೇಟೆ ಮುಗಿಸಿ ಬಂದಿದ್ದ ಸಹೋದ್ಯೋಗಿಯೊಬ್ಬ ಪಕ್ಕದಲ್ಲಿ ಕುಳಿತ. ಅವನ ಜಾಕೆಟ್ಟಿನಿಂದ ಬಂದೂಕಿಗೆ ಹಚ್ಚುವ ಎಣ್ಣೆಯ ವಾಸನೆ ಬರುತ್ತಿತ್ತು. ಅವನು ಮೂಸ್ ಎಷ್ಟು ದೂರದಲ್ಲಿತ್ತು ಎಂದು ಕೈ ಚಾಚಿ ತೋರಿಸುತ್ತಿದ್ದರೆ ನಾನು ಗದಗಿನ ಒಂದು ಬ್ಯಾಂಕಿನ ಹಿಂಬದಿ ಕೋಣೆಯಲ್ಲಿದ್ದೆ.

ನಮ್ಮ ಅಪ್ಪ ಸೈನ್ಯದಿಂದ ಹವಾಲ್ದಾರರಾಗಿ ನಿವೃತ್ತರಾದ ಮೇಲೆ ಆ ಬ್ಯಾಂಕಿನ ಬಾಗಿಲಲ್ಲಿ ಇಪ್ಪತ್ತೆರಡು ವರ್ಷ ಬಂದೂಕು ಹಿಡಿದು ನಿಂತವರು. ಖಾಕಿ ಅಂಗಿ, ಎದೆಗೆ ಅಡ್ಡವಾಗಿ ತೋಟಾಗಳ ಪಟ್ಟಿ, ಕೈಯಲ್ಲಿ ಜೋಡುನಳಿಗೆಯ ಬಂದೂಕು. ನಾನು ಬುತ್ತಿ ಕೊಡಲು ಹೋದಾಗ ಒಮ್ಮೊಮ್ಮೆ ಅವರು ಹಿಂಬದಿ ಕೋಣೆಯಲ್ಲಿ ಅದನ್ನು ಬಿಚ್ಚಿ ಎಣ್ಣೆ ಹಚ್ಚುತ್ತಿದ್ದರು. ಅಷ್ಟು ವರ್ಷಗಳಲ್ಲಿ ಒಂದೇ ಒಂದು ಗುಂಡು ಹಾರಿಸಲಿಲ್ಲ. ಚಿಕ್ಕಂದಿನಲ್ಲಿ ನನಗೆ ಅದು ನಿರಾಸೆಯ ಸಂಗತಿಯಾಗಿತ್ತು. ಎಂಜಿನಿಯರಿಂಗ್ ಕಾಲೇಜು ಸೇರಿದ ಮೇಲೆ ನಿರಾಸೆ ಹೋಗಿ ನಾಚಿಕೆ ಬಂತು. ಗೆಳೆಯರು ಕೇಳಿದರೆ ‘ಅಪ್ಪ ಬ್ಯಾಂಕಲ್ಲಿದ್ದಾರೆ’ ಎನ್ನುತ್ತಿದ್ದೆ. ಸುಳ್ಳಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಆ ಅರ್ಧ ವಾಕ್ಯವನ್ನೇ ಸ್ವೀಡನ್ನಿಗೂ ತಂದೆ. ಇಲ್ಲಿನ ನನ್ನ ಸ್ನೇಹಿತ ಮೂರ್ತಿ ಅದನ್ನು ತಾನಾಗಿ ‘ಮ್ಯಾನೇಜರ್’ ಎಂದು ಪೂರ್ತಿ ಮಾಡಿಕೊಂಡಿದ್ದರು. ತಿದ್ದುವ ಸಂದರ್ಭ ಬರಲಿಲ್ಲ ಎಂದರೆ ನೀವು ನಂಬಬೇಕಾಗಿಲ್ಲ. ಸಂದರ್ಭ ಎಷ್ಟೋ ಬಂದಿತ್ತು.

ನಾಲ್ಕು ವರ್ಷದ ಹಿಂದಿನ ಮಾತು. ಮಗಳು ಇಂಚರ ಹದಿನೇಳರವಳು, ಜಿಮ್ನಾಸಿಯೆಟ್‌ನಲ್ಲಿ, ಅಂದರೆ ನಮ್ಮ ಪಿಯುಸಿಯಂಥ ಕಡೆ ಓದುತ್ತಿದ್ದಳು. ಒಂದು ಸಂಜೆ ಬ್ಯಾಗು ಎಸೆದು, ‘ಪಪ್ಪಾ, ನಂಗೆ ರಾಂಗ್ ಸೈಡ್ ಬಂದಿದೆ’ ಎಂದಳು. ಇಂಗ್ಲಿಷ್ ತರಗತಿಯಲ್ಲಿ ಚರ್ಚಾಸ್ಪರ್ಧೆಯಂತೆ. ಅಮೆರಿಕದ ರಾಜ್ಯಗಳಲ್ಲಿ ಆಗ ನಡೆಯುತ್ತಿದ್ದ ಜಗಳವೇ ವಿಷಯ: ಬಟ್ಟೆಯೊಳಗೆ ಬಂದೂಕು ಬಚ್ಚಿಟ್ಟುಕೊಂಡು ಓಡಾಡಲು ಜನರನ್ನು ಬಿಡಬೇಕೆ, ಬೇಡವೆ. ಒಂದು ರಾಜ್ಯ ಪರವಾನಗಿ ಬೇಕೆನ್ನುತ್ತದೆ, ಪಕ್ಕದ್ದು ಬೇಡವೆನ್ನುತ್ತದೆ, ಗಡಿ ದಾಟಿದರೆ ಕಾನೂನೇ ಬೇರೆ. ಚೀಟಿ ಎತ್ತಿದಾಗ ಇಂಚರಳಿಗೆ ‘ಬಿಡಬೇಕು’ ಎಂಬ ಪಕ್ಷ ಬಂದಿತ್ತು. ಗ್ಯಾಂಗುಗಳ ಗುಂಡೇಟಿನ ಸುದ್ದಿ ಇಲ್ಲಿ ದಿನ ಬೆಳಗಾದರೆ ಕೇಳುತ್ತಿದ್ದ ಕಾಲ ಅದು. ಬಸ್ ನಿಲ್ದಾಣದಲ್ಲಿ ಯಾರಾದರೂ ಜೇಬಿಗೆ ಕೈ ಹಾಕಿದರೆ ಅವಳು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದಳಂತೆ. ಅಂಥವಳು ಬಂದೂಕಿನ ಪರ ವಾದ ಮಾಡಬೇಕಿತ್ತು.

ನಾನು ಸಹಾಯಕ್ಕೆ ಧಾವಿಸಿದೆ. ಶನಿವಾರವಿಡೀ ಕೂತು ಹದಿನೆಂಟು ಸ್ಲೈಡು ಮಾಡಿದೆ. ಮೂರನೆಯ ಸ್ಲೈಡಿಗೇ ಅವಳು ಲ್ಯಾಪ್‌ಟಾಪ್ ಮುಚ್ಚಿ, ಅಜ್ಜನಿಗೆ ಫೋನ್ ಮಾಡೋಣ ಎಂದಳು. ಅವಳ ಬಳಗದಲ್ಲಿ ಬಂದೂಕು ಹಿಡಿದು ಬಲ್ಲವರು ಅವರೊಬ್ಬರೇ.

ವಿಡಿಯೋದಲ್ಲಿ ಅಪ್ಪನ ಮೀಸೆ ಮಾತ್ರ ಕಾಣುತ್ತಿತ್ತು. ಇಂಚರ ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ಕೇಳಿದಳು. ಉಳಿದದ್ದನ್ನು ನಾನು ದಾಟಿಸಿದೆ. ಅಪ್ಪ ಸ್ವಲ್ಪ ಯೋಚಿಸಿ ಹೇಳಿದರು: ‘ಮುಚ್ಚಿಟ್ಟರ ಅದು ಕಾವಲು ಹೆಂಗ ಆಗ್ತದವಾ? ನಾ ನಿಂತೀನಿ ಅಂತ ನಾಕ ಮಂದಿಗೆ ಕಾಣಬೇಕು. ಕಂಡರ ಹೊಡಿಯೋ ಪಾಳಿ ಬರೂದಿಲ್ಲ.’

ನನಗೆ ಮೈ ಜುಮ್ಮೆಂದಿತು. ಗುಂಡು ಹಾರಿಸದ ಆ ಇಪ್ಪತ್ತೆರಡು ವರ್ಷಗಳು ಅವರ ಲೆಕ್ಕದಲ್ಲಿ ಖಾಲಿ ವರ್ಷಗಳಾಗಿರಲಿಲ್ಲ, ಅದೇ ಅವರ ಕೆಲಸವಾಗಿತ್ತು. ಐವತ್ತು ದಾಟಿದ ಮೇಲೆ ನನಗಿದು ತಿಳಿಯಿತು. ಇಂಚರಳ ಮುಖ ಮಾತ್ರ ಸಣ್ಣದಾಯಿತು. ಇದ್ದೊಬ್ಬ ಸಾಕ್ಷಿಯೂ ಎದುರು ಪಕ್ಷಕ್ಕೆ ಹೋಗಿದ್ದರು. ಅವಳು ಆ ಮಾತನ್ನು ಬರೆದುಕೊಂಡು ಕೋಣೆಗೆ ಹೋದಳು.

ಸ್ಪರ್ಧೆಯ ದಿನ ಪೋಷಕರನ್ನೂ ಕರೆದಿದ್ದರು. ನಾನು, ಮೂರ್ತಿ ಅಕ್ಕಪಕ್ಕ ಕೂತೆವು. ಅವರ ಮಗನೂ ಅದೇ ತರಗತಿ. ಶುರುವಿಗೆ ಮುಂಚೆ ಶಿಕ್ಷಕಿ ಸಭೆಯ ಅಭಿಪ್ರಾಯ ಕೇಳಿದರು. ಚರ್ಚೆ ಮುಗಿದ ಮೇಲೆ ಮತ್ತೆ ಕೇಳುತ್ತಾರೆ, ಹೆಚ್ಚು ಜನರ ಮನಸ್ಸು ಬದಲಿಸಿದವರು ಗೆದ್ದಂತೆ. ಬಚ್ಚಿಟ್ಟ ಬಂದೂಕು ಬೇಡ ಎನ್ನುವವರು ಯಾರು ಎಂದಾಗ, ಮಗಳ ಪಕ್ಷ ಯಾವುದೆಂಬುದನ್ನೂ ಮರೆತು ಎಲ್ಲರಿಗಿಂತ ಮೊದಲು ನನ್ನ ಕೈ ಮೇಲೆದ್ದಿತ್ತು. ಬೇಕು ಎಂದವರು ಮೂರೋ ನಾಲ್ಕೋ ಜನ.

ಇಂಚರ ಎದ್ದು ನಿಂತಳು. ಅವಳ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಹೇಳುತ್ತೇನೆ. ‘ನನ್ನ ಅಜ್ಜ ಇಂಡಿಯಾದ ಒಂದು ಸಣ್ಣ ಊರಿನಲ್ಲಿ ಬ್ಯಾಂಕ್ ಕಾವಲುಗಾರರಾಗಿದ್ದರು. ಬಚ್ಚಿಟ್ಟ ಬಂದೂಕು ಯಾರನ್ನೂ ಕಾಯುವುದಿಲ್ಲ ಅಂತ ಅವರು ನಂಬುತ್ತಾರೆ.’

ಮೂರ್ತಿ ನಿಧಾನವಾಗಿ ನನ್ನ ಕಡೆ ತಿರುಗಿದರು. ಕಿವಿ ಬಿಸಿಯಾಯಿತು. ನಾನು ವೇದಿಕೆಯನ್ನೇ ನೋಡುತ್ತ ಕೂತೆ.

ಅವಳು ಮುಂದುವರಿಸಿದಳು. ಅಜ್ಜ ಎಲ್ಲರಿಗೂ ಕಾಣುವಂತೆ ನಿಲ್ಲಬಹುದಿತ್ತು, ಏಕೆಂದರೆ ಅವರಿಗೆ ಸಮವಸ್ತ್ರವಿತ್ತು, ಆರಡಿ ಎತ್ತರವಿತ್ತು, ಬೆನ್ನ ಹಿಂದೆ ಒಂದು ಬ್ಯಾಂಕೇ ಇತ್ತು. ಪೊಲೀಸರು ಬರಲು ಒಂದು ಗಂಟೆ ಹಿಡಿಯುವ ಹಳ್ಳಿಯಲ್ಲಿ, ಬೆದರಿಸುವ ಗಂಡನಿಂದ ತಪ್ಪಿಸಿಕೊಂಡು ಒಂಟಿಯಾಗಿರುವ ಹೆಂಗಸಿಗೆ ಇದ್ಯಾವುದೂ ಇಲ್ಲ. ಅವಳು ಬಂದೂಕು ತೋರಿಸಿಕೊಂಡು ನಡೆದರೆ ಊರೆಲ್ಲ ಅವಳನ್ನೇ ನೋಡುತ್ತದೆ, ಗಂಡನೂ ಸಿದ್ಧನಾಗಿ ಬರುತ್ತಾನೆ. ‘ಅಜ್ಜನಿಗೆ ಬಂದೂಕು ಯಾಕೆ ಅಂತ ಯಾರೂ ಕೇಳಲಿಲ್ಲ. ನಾನು ಸಮವಸ್ತ್ರ ಇಲ್ಲದವರ ಪರವಾಗಿ ಮಾತಾಡುತ್ತಿದ್ದೇನೆ’ ಎಂದಳು.

ಎದುರು ಪಕ್ಷದ ಎಲ್ಸಾ ಜಾಣೆ. ಒಂದೇ ಪ್ರಶ್ನೆ ಕೇಳಿದಳು: ಈಗ ಈ ಕೋಣೆಯಲ್ಲಿ ಯಾರದೋ ಜಾಕೆಟ್ಟಿನೊಳಗೆ ಪಿಸ್ತೂಲಿದೆ ಎಂದು ಗೊತ್ತಾದರೆ ನೀನು ಇಲ್ಲಿ ಕೂರುತ್ತೀಯಾ? ಮಗಳು ಸಭೆಯ ಜಾಕೆಟ್ಟುಗಳ ಮೇಲೆ ಒಮ್ಮೆ ಕಣ್ಣಾಡಿಸಿದಳು. ಹೌದು ಎಂದುಬಿಡು, ಗೆಲ್ಲುತ್ತೀ ಎಂದು ನಾನು ಮನಸ್ಸಿನಲ್ಲೇ ಕೂಗುತ್ತಿದ್ದೆ. ಅವಳು, ‘ಇಲ್ಲ, ಭಯಪಡುತ್ತೇನೆ’ ಎಂದಳು. ‘ಆದರೆ ಆ ಹೆಂಗಸೂ ಭಯಪಡುತ್ತಿದ್ದಾಳೆ. ಕಾನೂನು ನನ್ನ ಭಯಕ್ಕೆ ಮಾತ್ರ ಕಿವಿಗೊಟ್ಟರೆ ಅದು ನ್ಯಾಯವೇ?’

ಎರಡನೇ ಸಲ ಕೈ ಎತ್ತಿಸಿದಾಗ ಬೇಕು ಎನ್ನುವವರ ಕಡೆ ಒಂದಿಡೀ ಸಾಲು ಸೇರಿತ್ತು. ಬಹುಮತ ಆಗಲೂ ಬೇಡವೆಂದೇ. ಆದರೆ ಮನಸ್ಸು ಬದಲಿಸಿದ ಲೆಕ್ಕದಲ್ಲಿ ಇಂಚರಳ ಪಕ್ಷ ಗೆದ್ದಿತು. ಆಮೇಲೆ ಶಿಕ್ಷಕಿ, ಎಲ್ಲರೂ ಕೊನೆಯ ಸಲ ಕೈ ಎತ್ತಿ, ವಾದ ಮಾಡಿದವರೂ ಈಗ ನಿಮ್ಮ ಸ್ವಂತ ಅಭಿಪ್ರಾಯ ಹೇಳಬಹುದು ಎಂದರು. ಇಂಚರ ಬೇಡ ಎನ್ನುವ ಕಡೆ ಕೈ ಎತ್ತಿದಳು. ಒಂದಿಷ್ಟೂ ಅಳುಕದೆ, ನೆಟ್ಟಗೆ. ತಾನು ನಂಬದ ಮಾತಿಗೂ ಪೂರ್ತಿ ನ್ಯಾಯ ಸಲ್ಲಿಸಿ, ಮತ್ತೆ ತನ್ನ ಮಾತಿಗೆ ಮರಳಿ ಬಂದಿದ್ದಳು. ಮೊದಲ ಸಲ ಅಷ್ಟು ಬೇಗ ಎದ್ದಿದ್ದ ನನ್ನ ಕೈ ಈ ಸಲ ತೊಡೆಯ ಮೇಲೆ ಬಹಳ ಹೊತ್ತು ಕೂತು, ಕೊನೆಗೆ ಮೇಲೆದ್ದಿತು. ಅಭಿಪ್ರಾಯ ಹಳೆಯದೇ. ಅದನ್ನು ಯೋಚಿಸಿ ಹೇಳಿದ್ದು ಮಾತ್ರ ಅದೇ ಮೊದಲು.

ಹೊರಗೆ ಹಿಮದಲ್ಲಿ ಕಾರಿನ ಕಡೆ ನಡೆಯುವಾಗ ಮೂರ್ತಿ, ನಿಮ್ಮ ತಂದೆಯವರ ವಿಷಯ ನನಗೆ ಗೊತ್ತೇ ಇರಲಿಲ್ಲ ಎಂದರು. ನಾನು ಹೇಳಿರಲಿಲ್ಲ ಎಂದೆ. ನಾಚಿಕೆ ಬಂದಿದ್ದು ನಿಜ. ಆದರೆ ಅದು ಅಪ್ಪನ ಬಗ್ಗೆ ಅಲ್ಲ.

ಮರುದಿನ ಅಪ್ಪನಿಗೆ ಎಲ್ಲ ಹೇಳಿದೆ. ಮೊಮ್ಮಗಳು ತಮ್ಮ ಮಾತನ್ನು ತುಂಬಿದ ಸಭೆಯಲ್ಲಿ ಹೇಳಿದಳು, ಆಮೇಲೆ ಅದನ್ನು ಎದುರಿಸಿ ಗೆದ್ದಳು ಎಂದೆ. ‘ಬರೇ ಗಾರ್ಡ್ ಅಂದಳೇನು? ಆರ್ಮ್ಡ್ ಗಾರ್ಡ್ ಅನಬೇಕಿತ್ತು. ಎರಡೂ ಒಂದ ಅಲ್ಲ’ ಎಂದರು.

ಇಂಚರ ಈಗ ಯೋನ್‌ಶೋಪಿಂಗ್‌ನ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಳೆ. ಅಜ್ಜ, ಮೊಮ್ಮಗಳು ನಡುವೆ ನನ್ನ ತರ್ಜುಮೆ ಇಲ್ಲದೆಯೇ ಫೋನಿನಲ್ಲಿ ವಾದಿಸುತ್ತಾರೆ.

ಕಳೆದ ಭಾನುವಾರ ನಮ್ಮ ಕನ್ನಡ ಕೂಟದ ಊಟಕ್ಕೆ ಹೊಸದಾಗಿ ಬಂದ ಪಿಎಚ್‌ಡಿ ವಿದ್ಯಾರ್ಥಿನಿಯೊಬ್ಬಳು ಸಿಕ್ಕಿದಳು. ಊರು, ಕೆಲಸ ಎಲ್ಲ ಕೇಳಿದ ಮೇಲೆ, ‘ಅಂಕಲ್, ನಿಮ್ಮ ಫಾದರ್ ಏನ್ ಮಾಡ್ತಿದ್ರು?’ ಎಂದಳು. ಬ್ಯಾಂಕಿನ ಬಾಗಿಲಲ್ಲಿ ಇಪ್ಪತ್ತೆರಡು ವರ್ಷ ಬಂದೂಕು ಹಿಡಿದು ನಿಂತಿದ್ದರು, ಆರ್ಮ್ಡ್ ಗಾರ್ಡ್, ಎಂದೆ. ಅವಳು ನನ್ನನ್ನೇ ಒಂದು ಗಳಿಗೆ ನೋಡಿದಳು.

‘ನಮ್ಮಪ್ಪ ಎಪಿಎಂಸಿಲಿ ಹಮಾಲಿ ಮಾಡ್ತಾರೆ ಅಂಕಲ್’ ಎಂದಳು. ‘ಇಲ್ಲಿ ಯಾರಿಗೂ ಹೇಳಿರ್ಲಿಲ್ಲ.’

ಯಾವ ಊರಿನ ಎಪಿಎಂಸಿ ಎಂದು ಕೇಳಿದೆ. ಅವಳು ಹೇಳತೊಡಗಿದಳು. ಊಟದ ಸಾಲು ಮುಂದೆ ಸರಿದರೂ ನಾವಿಬ್ಬರೂ ಅಲ್ಲೇ ನಿಂತಿದ್ದೆವು.