ಲೀಡ್ಸ್ ರೈಲಿನಲ್ಲಿ ಒಂದು ಅಮೆರಿಕದ ಮತ

ಇಂಗ್ಲೆಂಡಿನ ಲೆಮಿಂಗ್ಟನ್ ಸ್ಪಾ ಎಂಬ ಊರಿನಲ್ಲಿ ರೈಲು ಹತ್ತುವಾಗ ನಾನು ಹೊರಟಿದ್ದು ಸ್ಟಾಕ್‌ಪೋರ್ಟಿಗೆ, ಅಕ್ಕನ ಮಗಳು ಶಾಲಿನಿಯ ಮನೆಗೆ. ಅಮೆರಿಕದ ಯೋಚನೆ ಕನಸಿನಲ್ಲೂ ಇರಲಿಲ್ಲ. ಅದು ದಾರಿಯಲ್ಲಿ ತಾನಾಗಿ ಬಂದು ಪಕ್ಕದಲ್ಲಿ ಕೂತಿತು.

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ಧಾರವಾಡದ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸಿ ನಿವೃತ್ತಳಾದವಳು ನಾನು. ಬಿ.ಎ. ಮಕ್ಕಳಿಗೆ ಅಮೆರಿಕದ ರಾಜಕೀಯ ವ್ಯವಸ್ಥೆ ನನ್ನ ಪಾಲಿನ ಪಾಠ. ವರ್ಷವರ್ಷವೂ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಆ ದೇಶದ ನಕ್ಷೆ ಬರೆದು, ಅಲ್ಲಿಯ ಜನ ಅಧ್ಯಕ್ಷನಿಗೆ ನೇರವಾಗಿ ಮತ ಹಾಕುವುದಿಲ್ಲ, ರಾಜ್ಯ ರಾಜ್ಯಗಳ ಲೆಕ್ಕದಲ್ಲಿ ಎಲೆಕ್ಟೊರಲ್ ಕಾಲೇಜಿನ ಸದಸ್ಯರು ಆರಿಸುತ್ತಾರೆ ಎಂದು ಗಂಟಲು ಹರಿದುಕೊಳ್ಳುತ್ತಿದ್ದೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತು, "ಮೇಡಂ, ಆ ಕಾಲೇಜು ಯಾವ ಊರಾಗ ಐತ್ರಿ? ಅಡ್ಮಿಷನ್ ಸಿಗ್ತೈತೇನ್ರಿ?" ಎಂದು ಕೇಳುತ್ತಿದ್ದ. ಪ್ರತಿ ಬ್ಯಾಚಿನಲ್ಲೂ ಅಂಥವನೊಬ್ಬ ಇರುತ್ತಿದ್ದ. ನಾನಂತೂ ಅಮೆರಿಕ ನೋಡಲಿಲ್ಲ. ನಿವೃತ್ತಿಯ ಮೇಲೆ ಲೆಮಿಂಗ್ಟನ್ನಿನಲ್ಲಿ ಎಂಜಿನಿಯರಾಗಿರುವ ತಮ್ಮ ಕರೆಸಿಕೊಂಡಿದ್ದರಿಂದ ಇಂಗ್ಲೆಂಡಾದರೂ ಕಂಡೆ.

ಅಕ್ಟೋಬರ್ ತಿಂಗಳು. ಟಿಕೆಟ್ಟಿಗೆ ಕೊಟ್ಟ ದುಡ್ಡಿಗೆ ನಮ್ಮೂರಿನಲ್ಲಿ ಒಂದು ತಿಂಗಳ ತರಕಾರಿ ಬರುತ್ತದೆ, ಆ ಮಾತು ಬಿಡಿ. ಮಂಜು ನೆಲಕ್ಕೆ ಅಂಟಿಕೊಂಡಿತ್ತು. ಬರ್ಮಿಂಗ್‌ಹ್ಯಾಮಿನಲ್ಲಿ ರೈಲು ನೆಲದಡಿಯ ಕತ್ತಲು ಪ್ಲಾಟ್‌ಫಾರಂಗೆ ಇಳಿದು, ಮತ್ತೆ ಬೆಳಕಿಗೆ ಬಂದು, ಕಾಲುವೆಯ ಪಕ್ಕದಲ್ಲೇ ನಿಧಾನವಾಗಿ ಹೋಯಿತು. ಕಾಲುವೆಯಲ್ಲಿ ಒಂದು ಉದ್ದನೆಯ ದೋಣಿ, ಅದರ ಚಿಮಣಿಯಿಂದ ಹೊಗೆ. ಅದನ್ನು ನೋಡುತ್ತ ನೋಡುತ್ತ ಕಣ್ಣು ಎಳೆಯಿತು. ಅರೆನಿದ್ದೆಯಲ್ಲಿ ಅದೇ ಕರಿಯ ಬೋರ್ಡು, ಅದೇ ನಕ್ಷೆ. ರೈಲು ಸೀಮೆಸುಣ್ಣದ ಗೆರೆಯ ಮೇಲೆ ಓಡುತ್ತಿತ್ತು, ರಾಜ್ಯಗಳ ಹೆಸರನ್ನು ನಾನು ಒಂದೊಂದಾಗಿ ಕೂಗುತ್ತಿದ್ದೆ, ಯಾವ ಸ್ಟೇಷನ್ನಿನಲ್ಲೂ ಯಾರೂ ಇಳಿಯುತ್ತಿರಲಿಲ್ಲ. ಎಚ್ಚರವಾದಾಗ ಸ್ಟಾಕ್‌ಪೋರ್ಟ್ ಬಂದಿತ್ತು. ಶಾಲಿನಿ ಆಸ್ಪತ್ರೆಯ ಗುರುತಿನ ಚೀಟಿ ಕೊರಳಿನಿಂದ ತೆಗೆಯದೆ ಹಾಗೇ ಓಡಿಬಂದಿದ್ದಳು.

ಶಾಲಿನಿ ಹತ್ತಿರದ ವಿದನ್‌ಶಾದ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರು. ಗಂಡ ಕೆಲಸದ ಮೇಲೆ ಆ ವಾರ ಬೇರೆ ಊರಿನಲ್ಲಿದ್ದ. ಒಬ್ಬಳೇ ಮಗಳು ತಾರಾ, ಲೀಡ್ಸ್‌ನಲ್ಲಿ ಓದುತ್ತಾಳೆ; ನಾನು ಬರುತ್ತೇನೆಂದು ಶನಿವಾರ, ಭಾನುವಾರ ಮನೆಗೆ ಬಂದಿದ್ದಳು. ಅಮ್ಮನ ಧಾರವಾಡದ ಮಾತು ಆಕೆಗೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನನ್ನ ಮೇಲಿನ ಮರ್ಯಾದೆಗೆ ನಡುನಡುವೆ ಕನ್ನಡ ತುರುಕುತ್ತಿದ್ದಳು. ನಾನಿಲ್ಲಿ ಅವಳ ಮಾತನ್ನು ಹೆಚ್ಚಾಗಿ ಕನ್ನಡದಲ್ಲೇ ಬರೆಯುತ್ತೇನೆ.

ಭಾನುವಾರ ಸಂಜೆ ಅಡಿಗೆಮನೆಯ ಮೇಜಿನ ಮೇಲೆ, ಶೇಂಗಾ ಹೋಳಿಗೆಯ ಡಬ್ಬಿಯ ಪಕ್ಕದಲ್ಲಿ, ಒಂದು ಲಕೋಟೆ ಇತ್ತು.

"ಮೌಶಿ, ನೀ ಇಷ್ಟು ವರ್ಷ ಕಲಿಸಿದ್ದು ಇದನ್ನ ಅಲ್ಲೇನು?" ಎಂದಳು ಶಾಲಿನಿ. "ಅಮೆರಿಕದ ಮತಪತ್ರ. ನಮ್ಮ ತಾರಾಂದು."

ನನಗೆ ಹೋಳಿಗೆ ಗಂಟಲಲ್ಲೇ ಉಳಿಯಿತು. ಶಾಲಿನಿ ಸಂಶೋಧನೆಗೆಂದು ಮೊದಲು ಹೋಗಿದ್ದು ಅಮೆರಿಕಕ್ಕೆ, ಸರೋವರಗಳ ಕಡೆಯ ಒಂದು ಚಿಕ್ಕ ಊರಿಗೆ. ತಾರಾ ಹುಟ್ಟಿದ್ದು ಅಲ್ಲೇ. ಹುಟ್ಟಿದ ಮಾತ್ರಕ್ಕೆ ಅಲ್ಲಿಯ ಪ್ರಜೆ. ನಾಲ್ಕು ತುಂಬುವ ಮೊದಲೇ ಇಲ್ಲಿಗೆ ಬಂದವಳಿಗೆ ಆ ಊರಿನ ನೆನಪೇ ಇಲ್ಲ. ಆದರೂ ದೇಶದ ಹೊರಗಿರುವ ಪ್ರಜೆ ತಾನು ಕೊನೆಗೆ ಇದ್ದ ವಿಳಾಸದ ಲೆಕ್ಕದಲ್ಲಿ ಮತ ಹಾಕಬಹುದು. ಅಮ್ಮನ ಒತ್ತಾಯಕ್ಕೆ ಹೆಸರು ನೋಂದಾಯಿಸಿದ್ದಳು. ಆ ರಾಜ್ಯವೋ, ಪ್ರತಿ ಸಲವೂ ಯಾವ ಕಡೆ ವಾಲುತ್ತದೆಂದು ಯಾರಿಗೂ ಹೇಳಲಾಗದ ರಾಜ್ಯ. ಅಂಥ ಕಡೆ ಕೆಲವೇ ಜನರ ಮತ ಇಡೀ ದೇಶದ ಅಧ್ಯಕ್ಷನನ್ನು ಬದಲಿಸಿಬಿಡಬಹುದು. ನಾಳೆ ಅಂಚೆಗೆ ಹಾಕದಿದ್ದರೆ ಸಮಯಕ್ಕೆ ತಲುಪುವುದು ಅನುಮಾನ. ಮತಪತ್ರ ಮಾತ್ರ ಬಂದ ಹಾಗೆಯೇ ಇತ್ತು.

"ಅದು ನನ್ನ ದೇಶ ಅಲ್ಲ ಅಜ್ಜಿ," ಎಂದಳು ತಾರಾ. "ಅಲ್ಲಿಯ ಜನ ಅಲ್ಲಿಯ ನಾಯಕರನ್ನ ಆರಿಸಿಕೊಳ್ಳಲಿ. ನಾನ್ಯಾಕೆ ನಡುವೆ? ಅಮ್ಮನಿಗೆ ಬೇಕಾಗಿರೋದು ನನ್ನ ಕೈಯಿಂದ ಅಮ್ಮ ವೋಟ್ ಹಾಕೋದು."

"ಹಂಗಲ್ಲ, ನಾ ಬರೇ ತಿಳಿಸಿ ಹೇಳಲಿಕ್ಕತ್ತೀನಿ!" ಎಂದು ಶಾಲಿನಿ ಸೌಟು ಹಿಡಿದೇ ತಿರುಗಿದಳು.

ತಿಳಿಸಿ ಹೇಳುವುದೆಂದರೆ ಹೀಗೆ: ಊಟಕ್ಕೆ ಮೊದಲು ಒಂದು ಭಾಷಣ, ಊಟದ ನಡುವೆ ಫೋನಿನಲ್ಲಿ ಅಭ್ಯರ್ಥಿಗಳ ವಿಡಿಯೊ, ಹೋಳಿಗೆಗೆ ತುಪ್ಪ ಹಾಕುವಾಗ ಕಣ್ಣೀರು, ಆಮೇಲೆ "ಲೀಡ್ಸಿಗೆ ಕಾರಿನಾಗ ಬಿಡಂಗಿಲ್ಲ" ಎಂಬ ಬೆದರಿಕೆ. ನನಗೆ ನಗು ತಡೆಯಲಾಗಲಿಲ್ಲ. ಬಂದೂಕಿನವರ ಸಂಘ, ಡಾಕ್ಟರುಗಳ ಸಂಘ, ಮುದುಕರ ಸಂಘ ಇವೆಲ್ಲ ಶಾಸಕರ ಬೆನ್ನು ಹತ್ತಿ ತಮ್ಮ ಕೆಲಸ ಮಾಡಿಸಿಕೊಳ್ಳುವ ಬಗೆಯನ್ನು ಒಂದು ಅಧ್ಯಾಯ ಪೂರ್ತಿ ಕಲಿಸಿದವಳು ನಾನು. "ಶಾಲೂ, ನೀ ಒಬ್ಬಾಕೀನೇ ಒಂದು ಒತ್ತಡ ಗುಂಪು ಆಗೀಯಲ್ಲ!" ಎಂದೆ. ತಾರಾ ಮೇಜು ಬಡಿದು ನಕ್ಕಳು. ಶಾಲಿನಿ ನಗಲಿಲ್ಲ.

ತಾರಾ ಮೇಲಿನ ಕೋಣೆಗೆ ಹೋದ ಮೇಲೆ ಶಾಲಿನಿ ಪಾತ್ರೆ ಒರೆಸುತ್ತ ಹೇಳಿದಳು. "ಎಂಟು ವರ್ಷ ಇದ್ದೆ ಮೌಶಿ ಅಲ್ಲೆ. ಟ್ಯಾಕ್ಸ್ ಕಟ್ಟಿದೆ, ಅವರ ಜಡ್ಡು ನೋಡಿದೆ, ಹಿಮ ಸರಿಸಿದೆ. ವೋಟ್ ಇರಲಿಲ್ಲ. ವೀಸಾದವರಿಗೆ ಎಲ್ಲಿಂದ ಬರಬೇಕು? ಚುನಾವಣೆ ದಿನ ಬಾಜೂಮನಿಯಾಕಿ ಜೋಡಿ ಶಾಲೀತನಕ ಹೋದೆ. ಅಕಿ ಒಳಗ ಹೋದಳು, ನಾ ತಾರಾನ ತಳ್ಳುಗಾಡಿ ಹಿಡಕೊಂಡು ಹೊರಗ ನಿಂತೆ. ಬಾಗಿಲದಾಗ ಇದ್ದ ಮುದುಕಿ ಕೂಸಿನ ಸ್ವೆಟರಿಗೆ ಒಂದು ಸ್ಟಿಕ್ಕರ್ ಹಚ್ಚಿದಳು, ನಾಳಿನ ಮತದಾರಳು ಅಂತ. ನನಗೂ ಒಂದು ಬೇಕನ್ನಿಸ್ತು. ಸ್ಟಿಕ್ಕರ್ ಅಲ್ಲ." ಒರೆಸಿದ ಪಾತ್ರೆ ಕೆಳಗಿಟ್ಟು, "ಇಲ್ಲಿ ನೋಡು, ಬಂದ ವರ್ಷಾನೇ ವೋಟ್ ಮಾಡ್ರಿ ಅಂತ ಕಾಗದ ಬಾಗಿಲದಾಗ ಬಂದು ಬಿತ್ತು. ಕಾಮನ್‌ವೆಲ್ತ್ ದೇಶದವರಿಗೆ ಐತಂತ. ಹಾಕಿದೆ, ಹಾಕ್ತೀನಿ. ಆದರ ಅಲ್ಲಿದು ಅಲ್ಲಿದೇ," ಎಂದಳು. ಪ್ರತಿ ಚುನಾವಣೆಗೂ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬಂದು, ಅದು ಹೋಗುವುದರೊಳಗೆ ಮರೆತುಬಿಟ್ಟವಳು ನಾನು.

ಸೋಮವಾರ ಶಾಲಿನಿಗೆ ಆಸ್ಪತ್ರೆಯಲ್ಲಿ ಬೆಳಿಗ್ಗೆಯ ಡ್ಯೂಟಿ. ಲೀಡ್ಸ್ ನೋಡುವ ಆಸೆ ನನಗೂ ಇದ್ದಿದ್ದರಿಂದ ತಾರಾಳ ಜೊತೆ ಹೋಗಿ ಸಂಜೆ ಮರಳುವುದೆಂದಾಯಿತು. ಸ್ಟೇಷನ್ನಿಗೆ ಬಿಟ್ಟ ಶಾಲಿನಿ, ಮಗಳ ಚೀಲದ ಹೊರಜೇಬಿಗೆ ಲಕೋಟೆ ತುರುಕಿ, ನನ್ನ ಕೈಗೆ ಒಂದು ಕಪ್ಪು ಪೆನ್ನು ಕೊಟ್ಟಳು. "ಅಮೆರಿಕದಾಗ ಕೆಲಸಕ್ಕ ಸೇರಿದಾಗ ತಗೊಂಡಿದ್ದು. ರೀಫಿಲ್ ಹೊಸಾದು ಹಾಕೇನಿ," ಎಂದಳು. ಆಮೇಲೆ ಕಿವಿಯ ಹತ್ತಿರ ಬಂದು, "ಅಕಿ ಹಾಕಿದ್ರ, ಯಾರಿಗೆ ಅಂತ ನೋಡಿ ಹೇಳು ಮೌಶಿ," ಎಂದಳು. ನಾನು ಪೆನ್ನನ್ನು ಚೀಲಕ್ಕೆ ಸೇರಿಸಿ ರೈಲಿನ ಕಡೆ ನಡೆದೆ.

ಸ್ಟಾಕ್‌ಪೋರ್ಟ್ ಬಿಟ್ಟ ರೈಲು ಇಟ್ಟಿಗೆಯ ಎತ್ತರದ ಸೇತುವೆ ದಾಟುತ್ತದೆ. ಊರೆಲ್ಲ ಕೆಳಗೆ ಮಂಜಿನಲ್ಲಿ ಮುಳುಗಿ, ಚಿಮಣಿಗಳು ಮಾತ್ರ ಮೇಲೆ ಕಾಣುತ್ತಿದ್ದವು. ಮ್ಯಾಂಚೆಸ್ಟರಿನ ಪಿಕಡಿಲಿಯಲ್ಲಿ ಇಳಿದು, ಬಿಸಿ ಕಾಫಿ ಹಿಡಿದು, ಲೀಡ್ಸ್ ರೈಲು ಹಿಡಿದೆವು. ಊರು ಮುಗಿದು ಗುಡ್ಡ ಶುರುವಾಯಿತು. ಒಣಗಿ ಕೆಂಪಾದ ಹುಲ್ಲು, ಕಲ್ಲಿನ ಮೋಟು ಗೋಡೆಗಳು, ಎಲ್ಲಿಗೋ ಹೊರಟು ಮರೆತು ನಿಂತ ಕುರಿಗಳು. ಇವೆಲ್ಲ ಹಿಂದೆ ಎಂದೋ ಕಂಡಿದ್ದೆನಲ್ಲ ಅನಿಸುತ್ತಿತ್ತು, ಕಂಡಿರಲು ಸಾಧ್ಯವೇ ಇರಲಿಲ್ಲ. ತಾರಾಳ ಫೋನು ಗುಂಯ್ ಎಂದಿತು.

"ನೋಡಿ ಅಜ್ಜಿ, ಮತ್ತೊಂದು," ಎಂದು ತೋರಿಸಿದಳು. ಹೆಸರು ಕೇಳದ ಯಾವುದೋ ಸಂಘ 'ಹಾಯ್ ತಾರಾ' ಎಂದು ಆಪ್ತವಾಗಿ ಕರೆದು, ಅವಳ ಮೇಲೆಯೇ ದೇಶ ನಿಂತಿದೆ ಎಂದು ಬರೆದಿತ್ತು. "ದಿನಾ ಬರುತ್ತೆ. ಎಲ್ಲರಿಗೂ ನನ್ನ ವೋಟ್ ಬೇಕು. ನಾನು ಯಾರಿಗೂ ಬೇಡ."

ಈ ಮಾತು ನನ್ನ ಯಾವ ಅಧ್ಯಾಯದಲ್ಲೂ ಇರಲಿಲ್ಲ. ಅವಳ ಕೈ ಹಿಡಿದುಕೊಂಡೆ. ಇಂಥವರಿಗೆ ಹಾಕು ಎಂದು ಹೇಳುವುದು ನನ್ನ ಕೆಲಸವಲ್ಲ. ಆದರೆ ಆ ತಳ್ಳುಗಾಡಿಯ ಕತೆ ಹೇಳಬಹುದಲ್ಲ ಅನಿಸಿತು. ಶಾಲೆಯ ಬಾಗಿಲು, ಸ್ವೆಟರು, ಸ್ಟಿಕ್ಕರು, ಹೊರಗೆ ನಿಂತ ಅಮ್ಮ, ಎಲ್ಲ ಹೇಳಿದೆ. ತಾರಾ ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟಳು.

"ಇದನ್ನ ಅಮ್ಮ ಯಾವತ್ತೂ ಹೇಳಿಲ್ಲ," ಎಂದಳು. "ಯಾರಿಗೆ ಹಾಕಬೇಕು ಅಂತ ಮಾತ್ರ ಹೇಳ್ತಾಳೆ."

"ನಿಮ್ಮಮ್ಮ ಮೊದಲಿಂದಲೂ ಹಂಗ. ಮುಖ್ಯ ಉತ್ತರ ಬಿಟ್ಟು ಉಳಿದದ್ದೆಲ್ಲ ಬರೀತಿದ್ದಳು."

ಅವಳು ನಕ್ಕಳು. ಆಮೇಲೆ ಲಕೋಟೆ ಹೊರತೆಗೆದು, "ಹಾಕ್ತೀನಿ. ಆದರೆ ಯಾರಿಗೆ ಅಂತ ಯಾರೂ ಕೇಳಬಾರದು. ಅಮ್ಮನೂ. ನೀವೂ," ಎಂದಳು.

"ಕೇಳಂಗಿಲ್ಲ. ಮಾತು ಕೊಟ್ಟೆ."

ಆ ರಾಜ್ಯದ ನಿಯಮ ವಿಚಿತ್ರವಾದದ್ದು. ಮತ ಹಾಕುವಾಗ ಪಕ್ಕದಲ್ಲಿ ಒಬ್ಬ ಸಾಕ್ಷಿ ಇರಬೇಕು. ಖಾಲಿ ಮತಪತ್ರವನ್ನು ಅವರಿಗೆ ಮೊದಲು ತೋರಿಸಬೇಕು. ಗುರುತು ಹಾಕಿದ್ದು ಇವರೇ ಎಂದು ಅವರು ಸಹಿ ಮಾಡಬೇಕು, ಆದರೆ ಗುರುತು ಎಲ್ಲಿ ಬಿತ್ತೆಂದು ನೋಡಬಾರದು. ಪರದೇಶದಲ್ಲಿರುವ ಮತದಾರರಿಗೆ ಸಾಕ್ಷಿ ಅಮೆರಿಕದವರೇ ಆಗಬೇಕೆಂದಿಲ್ಲ, ಧಾರವಾಡದವಳೂ ನಡೆಯುತ್ತದೆ. ತಾರಾ ಹಾಳೆ ಬಿಡಿಸಿ ಹಿಡಿದಳು. ಅಧ್ಯಕ್ಷ, ಸೆನೆಟ್ಟು, ಕೆಳಮನೆ, ಹೆಸರುಗಳ ಪಕ್ಕದಲ್ಲಿ ಚಿಕ್ಕ ಚಿಕ್ಕ ಖಾಲಿ ಅಂಡಾಕಾರ. ಮೂರು ದಶಕ ಕಲಿಸಿದ್ದರ ಮುಖವನ್ನು ಅಂದು ಮೊದಲ ಬಾರಿ ನೋಡಿದೆ. ಅಯ್ಯೋ, ಇಷ್ಟೇ ಇಷ್ಟು ಕಾಗದ! ಕಣ್ಣು ತುಂಬಿಬಂತು. ಪೆನ್ನು ಕೊಟ್ಟು ಕಿಟಕಿಯ ಕಡೆ ಮುಖ ತಿರುಗಿಸಿದೆ.

ಗುಡ್ಡ ಹತ್ತಿರ ಬಂತು. ಮಂಜು ಹರಿದು ಒಂದು ತುಂಡು ಬಿಸಿಲು ಬಿದ್ದು ಕುರಿಗಳ ಬೆನ್ನು ಹೊಳೆಯಿತು. ಅಷ್ಟರಲ್ಲಿ ರೈಲು ಸುರಂಗಕ್ಕೆ ನುಗ್ಗಿತು.

ಕಿಟಕಿ ಒಮ್ಮೆಗೇ ಕನ್ನಡಿಯಾಯಿತು. ಅದರಲ್ಲಿ ಬೋಗಿಯ ದೀಪಗಳು, ನನ್ನ ನರೆಗೂದಲು, ತಾರಾಳ ಬಗ್ಗಿದ ತಲೆ, ಮೇಜಿನ ಮೇಲಿನ ಬಿಳಿ ಹಾಳೆ, ಅದರ ಮೇಲೆ ಇಳಿಯುತ್ತಿದ್ದ ಪೆನ್ನು. ಸ್ವಲ್ಪ ಕತ್ತು ಚಾಚಿದ್ದರೆ ಸಾಕಿತ್ತು. ನೋಡಬೇಕೆನಿಸಿತು, ಸುಳ್ಳು ಯಾಕೆ ಹೇಳಲಿ? ಶಾಲಿನಿಯ ಮುಖ ನೆನಪಾಯಿತು. ಅವಳಿಗೊಂದು ಹೆಸರು ಒಯ್ದು ಕೊಟ್ಟರೆ ಇಷ್ಟು ವರ್ಷದ ಸಂಕಟ ಇಳಿದೀತು ಎಂದೂ ಅನಿಸಿತು. ಕಣ್ಣು ಮುಚ್ಚಿಕೊಂಡೆ.

ಆ ಸುರಂಗ ಬಲು ಉದ್ದ. ಮುಚ್ಚಿದ ಕಣ್ಣಿನೊಳಗೆ ಮತ್ತೆ ಅದೇ ಕರಿಯ ಬೋರ್ಡು ಬಂತು, ಈ ಸಲ ಅದರ ಮೇಲೆ ಏನೂ ಬರೆದಿರಲಿಲ್ಲ. ರೈಲಿನ ಸದ್ದಿನ ನಡುವೆ ಪೆನ್ನು ಕಾಗದವನ್ನು ಉಜ್ಜುವುದು ಕೇಳಿಸಿತು, ನಿಂತಿತು, ಮತ್ತೆ ಕೇಳಿಸಿತು. ರೆಪ್ಪೆಯ ಮೇಲೆ ಬೆಳಕು ಬಿದ್ದಾಗ ತಾರಾ, "ಆಯ್ತು ಅಜ್ಜಿ," ಎಂದಳು. ಹಾಳೆಯನ್ನು ಮಡಚಿ ಲಕೋಟೆಗೆ ಹಾಕಿದ್ದಳು. ಸಾಕ್ಷಿಯ ಜಾಗದಲ್ಲಿ ಸಹಿ ಮಾಡಿ, ಕೆಳಗೆ ಧಾರವಾಡದ ಮನೆಯ ವಿಳಾಸ ಬರೆದೆ. ನಾನು ಕಾಣದ ದೇಶಕ್ಕೆ ನನ್ನ ಕೈಬರಹ ಹೊರಟಿತು.

ಲೀಡ್ಸ್‌ನಲ್ಲಿ ಸಣ್ಣ ಮಳೆ. ಕೊಡೆ ಬಿಚ್ಚುವಷ್ಟು ದೊಡ್ಡದಲ್ಲ, ಬಿಚ್ಚದಿದ್ದರೆ ತೋಯಿಸುವಂಥದ್ದು. ಅಂಚೆ ಕಚೇರಿಯ ಕೌಂಟರಿನ ಹೆಂಗಸು ಲಕೋಟೆ ತೂಗಿ, "ಅಮೆರಿಕಾನಾ, ಲವ್? ಹಂಗಾದ್ರೆ ನಿಂಗೆ ಗುಡ್ ಲಕ್," ಎಂಬರ್ಥದ ಮಾತಾಡಿ ಮುದ್ರೆ ಒತ್ತಿದಳು; ಆ ಕಡೆ ಗುರುತಿಲ್ಲದವರನ್ನೂ 'ಲವ್' ಎಂದೇ ಕರೆಯುತ್ತಾರೆ. ಹಳೆಯ ಮಾರ್ಕೆಟ್ಟಿನ ಗಾಜಿನ ಮಾಡಿನ ಕೆಳಗೆ ಇಬ್ಬರೂ ಬಿಸಿ ಆಲೂಗಡ್ಡೆ ತಿಂದೆವು. ಶಾಲಿನಿ ಕಟ್ಟಿಕೊಟ್ಟಿದ್ದ ಚಟ್ನಿಪುಡಿ ಅದರ ಮೇಲೆ ಉದುರಿಸಿಕೊಂಡೆವು.

ಕ್ಲಾಸಿಗೆ ಹೊರಡುವ ಮುಂಚೆ ತಾರಾ ನನ್ನನ್ನು ಅಪ್ಪಿಕೊಂಡಳು. "ಸುರಂಗದಲ್ಲಿ ಗಾಜಿನೊಳಗೆ ಎಲ್ಲ ಕಾಣ್ತಿತ್ತು ಅಜ್ಜಿ. ನೀವು ಕಣ್ಣು ಮುಚ್ಚಿಕೊಂಡಿದ್ದೂ ಕಾಣ್ತು. ಅದಾದ ಮೇಲೇ ನಾನು ಹಾಕಿದ್ದು," ಎಂದಳು. ಪೆನ್ನು ನನ್ನ ಕೈಗೆ ವಾಪಸು ಕೊಟ್ಟು ಜನರಲ್ಲಿ ಸೇರಿಹೋದಳು.

ಮರಳುವ ರೈಲಿನಲ್ಲಿ ಸುರಂಗ ಬಂದದ್ದೂ ಗೊತ್ತಾಗಲಿಲ್ಲ, ನಿದ್ದೆ ಹೋಗಿದ್ದೆ. ಸ್ಟಾಕ್‌ಪೋರ್ಟಿನ ಸೇತುವೆಯ ಮೇಲೆ ಎಚ್ಚರವಾದಾಗ ಸಂಜೆಯ ಬೆಳಕಿಗೆ ಊರು ತೇಲುತ್ತಿತ್ತು. ಪ್ಲಾಟ್‌ಫಾರಂನಲ್ಲಿ ಶಾಲಿನಿ ನಿಂತಿದ್ದಳು, ಕೊರಳಲ್ಲಿ ಅದೇ ಚೀಟಿ.

"ಹಾಕಿದಳೇನು?"

"ಹಾಕಿದಳು. ಅಂಚೆಗೂ ಹಾಕಿ ಬಂದ್ವಿ."

"ಯಾರಿಗೆ?"

"ಗೊತ್ತಿಲ್ಲ ಶಾಲೂ. ನಾ ಕಣ್ಣು ಮುಚ್ಚಿಕೊಂಡಿದ್ದೆ."

ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಹೋಗುತ್ತಿರುವ ರೈಲಿನ ಕಡೆ ನೋಡುತ್ತ ನಿಂತಳು. ನಾನು ಪೆನ್ನು ತೆಗೆದು ಅವಳ ಕೈಯಲ್ಲಿಟ್ಟೆ. ಅದರ ಟೊಪ್ಪಿಗೆ ತೆಗೆದು, ತುದಿ ನೋಡಿ, ಮತ್ತೆ ಹಾಕಿದಳು.

"ಮೌಶಿ," ಎಂದಳು, "ಪೆನ್ನು ಛಲೋ ಬರೀತೇನು?"

"ಭಾಳ ಛಲೋ ಬರೀತು ತಂಗಿ," ಎಂದೆ. "ರೈಲಿನ ಸದ್ದಿನಾಗೂ ನನಗ ಕೇಳಿಸ್ತು."